ತುಮಕೂರು ಪ್ರದೇಶದ ಮಕ್ಕಳ ನಿಸರ್ಗಾಧಾರಿತ ಹೊರಾಂಗಣ ಚಟುವಟಿಕೆಗಳು

ನಿಸರ್ಗಾಧಾರಿತ ಹೊರಾಂಗಣ ಚಟುವಟಿಕೆಗಳು ಎಂದರೆ ಮಣ್ಣು, ನೀರು, ಎಲೆ, ಬೀಜ, ಕಲ್ಲು, ಗಾಳಿ, ನೆರಳು ಮೊದಲಾದ ಪ್ರಕೃತಿಯ ವಸ್ತುಗಳನ್ನೂ ವಿದ್ಯಮಾನಗಳನ್ನೂ ಬಳಸಿಕೊಂಡು ಮಕ್ಕಳು ಬಯಲಿನಲ್ಲಿ ನಡೆಸುವ ಆಟ, ಕರಕುಶಲ, ವೀಕ್ಷಣೆ ಮತ್ತು ಪ್ರಯೋಗಗಳು. ತುಮಕೂರು ನಗರದ ಮರಳೂರು ಮತ್ತು ಅದರ ಸುತ್ತಲಿನ ಬಡಾವಣೆಗಳು, ಗುಬ್ಬಿ ಹಾಗೂ ಕುಣಿಗಲ್ ತಾಲ್ಲೂಕುಗಳನ್ನು ಒಳಗೊಂಡ ಪ್ರದೇಶದಲ್ಲಿ ಇಂತಹ ಚಟುವಟಿಕೆಗಳಿಗೆ ದೀರ್ಘವಾದ ಪರಂಪರೆಯಿದೆ. ತೆಂಗಿನ ಗರಿಯ ಪೀಪಿ, ಅಡಿಕೆ ಹಾಳೆಯ ಬಂಡಿ, ಹುಣಸೆ ಬೀಜದ ಚೌಕಾಬಾರ, ಕೆರೆ ಮಣ್ಣಿನ ಬೊಂಬೆ ಮತ್ತು ಆಷಾಢದ ಗಾಳಿಪಟ ಇವುಗಳಲ್ಲಿ ಮುಖ್ಯವಾದವು. ಇತ್ತೀಚಿನ ದಶಕಗಳಲ್ಲಿ ಪಕ್ಷಿವೀಕ್ಷಣೆ, ಮಳೆಮಾಪನ, ಬೀಜದುಂಡೆ ತಯಾರಿಕೆ ಮುಂತಾದವು ಶಾಲೆಗಳ ಮತ್ತು ಬೇಸಿಗೆ ಶಿಬಿರಗಳ ಮೂಲಕ ಈ ಪಟ್ಟಿಗೆ ಸೇರಿವೆ.

ಪರಿಕಲ್ಪನೆ

ಈ ಬಗೆಯ ಚಟುವಟಿಕೆಗಳಿಗೂ ಕ್ರೀಡೆಗಳಿಗೂ ವ್ಯತ್ಯಾಸವಿದೆ. ಕ್ರೀಡೆಯಲ್ಲಿ ನಿಯಮ, ಅಂಕಣ ಮತ್ತು ಸಲಕರಣೆಗಳು ಮೊದಲೇ ನಿಗದಿಯಾಗಿರುತ್ತವೆ. ನಿಸರ್ಗಾಧಾರಿತ ಆಟದಲ್ಲಿ ಸಲಕರಣೆಯನ್ನು ಹುಡುಕುವುದು, ಆಯುವುದು ಮತ್ತು ತಯಾರಿಸುವುದೇ ಆಟದ ಮೊದಲ ಭಾಗವಾಗಿರುತ್ತದೆ. ಒಂದೇ ತೆಂಗಿನ ಮಟ್ಟೆ ಒಂದು ಮಗುವಿಗೆ ಕ್ರಿಕೆಟ್ ಬ್ಯಾಟು, ಮತ್ತೊಂದಕ್ಕೆ ಕುದುರೆ, ಮಗದೊಂದಕ್ಕೆ ದೋಣಿ ಆಗಬಲ್ಲದು.

ಇಂಗ್ಲೆಂಡಿನ ಕಲಾವಿದ ಸೈಮನ್ ನಿಕಲ್ಸನ್ 1971ರಲ್ಲಿ ಇದೇ ಅಂಶವನ್ನು 'ಬಿಡಿಭಾಗಗಳ ಸಿದ್ಧಾಂತ'ವೆಂದು ನಿರೂಪಿಸಿದರು. ಒಂದು ಪರಿಸರದಲ್ಲಿ ಮಕ್ಕಳು ಎತ್ತಬಹುದಾದ, ಜೋಡಿಸಬಹುದಾದ, ಬದಲಿಸಬಹುದಾದ ವಸ್ತುಗಳು ಎಷ್ಟು ಹೆಚ್ಚಾಗಿವೆಯೋ ಅಲ್ಲಿ ಸೃಜನಶೀಲತೆಗೆ ಅಷ್ಟೇ ಹೆಚ್ಚಿನ ಅವಕಾಶವಿರುತ್ತದೆ ಎಂಬುದು ಅದರ ತಿರುಳು. ನೆಲಕ್ಕೆ ಭದ್ರವಾಗಿ ಕೂರಿಸಿದ ಜಾರುಬಂಡಿಗಿಂತ ಮರಳಿನ ಗುಡ್ಡೆಯ ಬಳಿ ಮಕ್ಕಳು ಹೆಚ್ಚು ಹೊತ್ತು ನಿಲ್ಲುವುದಕ್ಕೆ ಇದು ಒಂದು ವಿವರಣೆ.

ಪ್ರಾದೇಶಿಕ ಹಿನ್ನೆಲೆ

ತುಮಕೂರು ಜಿಲ್ಲೆಯು ದಕ್ಷಿಣ ಕರ್ನಾಟಕದ ಒಳನಾಡಿನ ಅರೆಶುಷ್ಕ ಮೈದಾನಕ್ಕೆ ಸೇರಿದೆ. ಬಂಡೆಗುಡ್ಡಗಳು, ಕುರುಚಲು ಕಾಡು, ಮಳೆಯಾಶ್ರಿತ ರಾಗಿ ಹೊಲಗಳು, ತೆಂಗು ಮತ್ತು ಅಡಿಕೆಯ ತೋಟಗಳು, ಹೊಲದ ಬದುಗಳಲ್ಲಿ ಹುಣಸೆ, ಹೊಂಗೆ, ಬೇವು ಮತ್ತು ಹಲಸು ಇಲ್ಲಿನ ಸಾಮಾನ್ಯ ದೃಶ್ಯಗಳು. ಮಕ್ಕಳ ಆಟಿಕೆಗಳಿಗೆ ಬೇಕಾದ ವಸ್ತುಗಳು ಈ ಭೂದೃಶ್ಯದಿಂದಲೇ ಒದಗಿ ಬಂದಿವೆ.

ಪ್ರದೇಶದ ಮತ್ತೊಂದು ವೈಶಿಷ್ಟ್ಯ ಕೆರೆಗಳು. ತುಮಕೂರು ನಗರದ ಅಮಾನಿಕೆರೆ ಮತ್ತು ಮರಳೂರು ಕೆರೆ, ಗುಬ್ಬಿ ತಾಲ್ಲೂಕಿನ ಗುಬ್ಬಿ ಮತ್ತು ಕಡಬ ಕೆರೆಗಳು, ಜನಪದ ಗೀತೆಯ ಮೂಲಕ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ ದೊಡ್ಡಕೆರೆ ಹಾಗೂ ಶಿಂಷಾ ನದಿಗೆ ಕಟ್ಟಿರುವ ಮಾರ್ಕೋನಹಳ್ಳಿ ಜಲಾಶಯ ಇವುಗಳಲ್ಲಿ ಕೆಲವು. ಕೆರೆಯಂಗಳದ ಜೇಡಿಮಣ್ಣು, ಏರಿಯ ಮೇಲಿನ ಮರಗಳು ಮತ್ತು ಹಿನ್ನೀರಿನ ಹಕ್ಕಿಗಳು ಮಕ್ಕಳ ಚಟುವಟಿಕೆಗಳಿಗೆ ಆಧಾರವಾಗಿವೆ.

ನಗರದ ಸಮೀಪದ ದೇವರಾಯನದುರ್ಗವು ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದ ಗುಡ್ಡಪ್ರದೇಶವಾಗಿದ್ದು, ಶಿಂಷಾ ಮತ್ತು ಜಯಮಂಗಲಿ ನದಿಗಳು ಇಲ್ಲಿ ಉಗಮಿಸುತ್ತವೆ. ಗುಡ್ಡದ ತಪ್ಪಲಿನ ನಾಮದ ಚಿಲುಮೆಯಲ್ಲಿ ಬಂಡೆಯಿಂದ ಒಸರುವ ಬುಗ್ಗೆ ಮತ್ತು ಜಿಂಕೆವನವಿದ್ದು, ಶಾಲಾ ಪ್ರವಾಸಗಳ ಸಾಮಾನ್ಯ ತಾಣವಾಗಿದೆ. ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಿ ಮಾತ್ರ ಕಾಣಸಿಗುವ, ಅಪಾಯದಂಚಿನಲ್ಲಿರುವ ಹಳದಿ ಕೊರಳಿನ ಪಿಕಳಾರ ಹಕ್ಕಿಯು ಈ ಗುಡ್ಡಗಳಲ್ಲಿ ವಾಸಿಸುತ್ತದೆ.

ಇತಿಹಾಸ

ಮಕ್ಕಳ ಶಿಕ್ಷಣದಲ್ಲಿ ಪ್ರಕೃತಿಗೆ ಸ್ಥಾನ ಕೊಡಬೇಕೆಂಬ ಚಿಂತನೆ ಆಧುನಿಕ ಕಾಲದಲ್ಲಿ ಹಲವು ಕಡೆ ಬೆಳೆಯಿತು. ಜರ್ಮನಿಯ ಫ್ರೆಡ್ರಿಕ್ ಫ್ರೊಬೆಲ್ 1837ರಲ್ಲಿ ಎಳೆಯ ಮಕ್ಕಳಿಗಾಗಿ ಸ್ಥಾಪಿಸಿದ ಸಂಸ್ಥೆಗೆ 1840ರಲ್ಲಿ 'ಕಿಂಡರ್‌ಗಾರ್ಟನ್', ಅಂದರೆ ಮಕ್ಕಳ ತೋಟ, ಎಂಬ ಹೆಸರು ಬಂದಿತು. ಭಾರತದಲ್ಲಿ ರವೀಂದ್ರನಾಥ ಟ್ಯಾಗೋರರು 1901ರಲ್ಲಿ ಶಾಂತಿನಿಕೇತನದಲ್ಲಿ ಆರಂಭಿಸಿದ ಶಾಲೆಯಲ್ಲಿ ಮರದ ನೆರಳಿನಲ್ಲಿ ಪಾಠಗಳು ನಡೆಯುತ್ತಿದ್ದವು.

ಕನ್ನಡದಲ್ಲಿ ಈ ಚಿಂತನೆಗೆ ರೂಪ ಕೊಟ್ಟವರಲ್ಲಿ ಶಿವರಾಮ ಕಾರಂತರು ಪ್ರಮುಖರು. ಅವರು ಪುತ್ತೂರಿನಲ್ಲಿ 'ಬಾಲವನ'ವನ್ನು ಸ್ಥಾಪಿಸಿ ಮಕ್ಕಳ ಶಿಕ್ಷಣದಲ್ಲಿ ಪ್ರಯೋಗಗಳನ್ನು ನಡೆಸಿದರು; 1936ರಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಹೊರತಂದರು. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಕೃತಿಯು ವಿದ್ಯಾರ್ಥಿಗಳೊಂದಿಗೆ ನಡೆಸಿದ ಸಸ್ಯವೀಕ್ಷಣಾ ಪ್ರವಾಸಗಳನ್ನು ಆಧರಿಸಿದೆ. ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ಬರಹಗಳು ಹಕ್ಕಿ, ಕೀಟ ಮತ್ತು ಕಾಡಿನ ಕುರಿತ ಕುತೂಹಲವನ್ನು ಕಿರಿಯ ಓದುಗರಲ್ಲಿ ಬೆಳೆಸಿದವು.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ 'ನಲಿ ಕಲಿ' ಪದ್ಧತಿಯು ಕಲ್ಲು, ಕಡ್ಡಿ, ಬೀಜಗಳಂತಹ ಸ್ಥಳೀಯ ವಸ್ತುಗಳನ್ನು ಪ್ರಾಥಮಿಕ ತರಗತಿಯ ಕಲಿಕೋಪಕರಣಗಳಾಗಿ ಬಳಸಲು ಉತ್ತೇಜನ ನೀಡಿತು. ಅರಣ್ಯ ಇಲಾಖೆಯ 'ಚಿಣ್ಣರ ವನದರ್ಶನ' ಕಾರ್ಯಕ್ರಮವು ಶಾಲಾ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತದೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ 10 ಬ್ಯಾಗ್‌ರಹಿತ ದಿನಗಳನ್ನು ಸೂಚಿಸಿದೆ.

ಚಟುವಟಿಕೆಗಳ ವಿಧಗಳು

ಎಲೆ, ಗರಿ ಮತ್ತು ದಂಟಿನ ಆಟಿಕೆಗಳು

ತೆಂಗಿನ ಗರಿ ಈ ಪ್ರದೇಶದಲ್ಲಿ ಅತ್ಯಂತ ಸುಲಭವಾಗಿ ದೊರೆಯುವ ವಸ್ತು. ಹಸಿರು ಗರಿಯ ಒಂದು ತುಂಡನ್ನು ಕಿರಿದಾದ ತುದಿಯಿಂದ ಓರೆಯಾಗಿ ಸುತ್ತುತ್ತ ಹೋದರೆ ಆಲಿಕೆಯಾಕಾರದ ಪೀಪಿ ಸಿದ್ಧವಾಗುತ್ತದೆ. ಕಿರಿದಾದ ಬಾಯಿಯನ್ನು ಚಪ್ಪಟೆಯಾಗಿಸಿ ಊದಿದಾಗ ಗರಿಯ ಎರಡು ಅಂಚುಗಳು ಕಂಪಿಸಿ ಧ್ವನಿ ಹುಟ್ಟುತ್ತದೆ. ಸುರುಳಿಯ ಅಗಲವಾದ ಭಾಗ ಆ ಧ್ವನಿಯನ್ನು ಹಿಗ್ಗಿಸುತ್ತದೆ. ನಾಗಸ್ವರ, ಶಹನಾಯಿಗಳಲ್ಲಿ ಧ್ವನಿ ಹುಟ್ಟುವುದೂ ಇದೇ ತತ್ತ್ವದಿಂದ. ಗರಿಗಳನ್ನು ಮಡಚಿ ಹೆಣೆದು ಕೈಗಡಿಯಾರ, ಕನ್ನಡಕ, ಹಾವು, ಗಿಳಿ ಮತ್ತು ಚೆಂಡುಗಳನ್ನೂ ಮಾಡುತ್ತಾರೆ. ಎರಡು ಗರಿತುಂಡುಗಳನ್ನು ಅಡ್ಡಲಾಗಿ ಹೆಣೆದು ನಡುವೆ ಕಡ್ಡಿ ಚುಚ್ಚಿದರೆ ಗಾಳಿಗೆ ತಿರುಗುವ ಗಿರಗಟ್ಟೆಯಾಗುತ್ತದೆ.

ಅಡಿಕೆ ತೋಟಗಳಿರುವ ಗುಬ್ಬಿ ಭಾಗದಲ್ಲಿ ಉದುರಿದ ಅಡಿಕೆ ಹಾಳೆ ಬಂಡಿಯಾಗುತ್ತದೆ. ಒಂದು ಮಗು ಅಗಲವಾದ ಹಾಳೆಯ ಮೇಲೆ ಕುಳಿತರೆ ಇನ್ನೊಂದು ಗರಿಯ ಭಾಗವನ್ನು ಹಿಡಿದು ಎಳೆಯುತ್ತದೆ. ಒಣಗಿದ ಜೋಳದ ದಂಟಿನ ಸಿಪ್ಪೆಯನ್ನು ಸೀಳಿ ತೆಗೆದು, ಒಳಗಿನ ಮೃದುವಾದ ಬೆಂಡಿನ ತುಂಡುಗಳನ್ನು ಆ ಸಿಬಿರುಗಳಿಂದಲೇ ಜೋಡಿಸಿ ಗಾಡಿ, ಎತ್ತು, ಮನೆಗಳನ್ನು ರಚಿಸುವುದು ಹಳೆಯ ರೂಢಿ. ಇದಕ್ಕೆ ಅಂಟಾಗಲಿ ಮೊಳೆಯಾಗಲಿ ಬೇಕಿಲ್ಲ. ಮೊಳೆತ ಮಾವಿನ ಓಟೆಯೊಳಗಿನ ಬೀಜವನ್ನು ಕಲ್ಲಿಗೆ ಉಜ್ಜಿ ಪೀಪಿ ಮಾಡುವುದು ಮುಂಗಾರು ಆರಂಭದ ಕಾಲದ ಚಟುವಟಿಕೆ.

ಅರಳಿ ಎಲೆಯ ಜಾಲ ತಯಾರಿಕೆ ತಾಳ್ಮೆಯನ್ನು ಬೇಡುವ ಕೆಲಸ. ಬಲಿತ ಎಲೆಗಳನ್ನು ಕೆಲವು ವಾರಗಳ ಕಾಲ ನೀರಿನಲ್ಲಿ ನೆನೆಯಿಟ್ಟು, ಆಗಾಗ ನೀರು ಬದಲಿಸುತ್ತಿದ್ದರೆ ಹಸಿರು ಭಾಗವು ಕೊಳೆತು ಸಡಿಲವಾಗುತ್ತದೆ. ಅದನ್ನು ಮೃದುವಾದ ಕುಂಚದಿಂದ ತೊಳೆದಾಗ ನರಗಳ ಬಲೆ ಮಾತ್ರ ಉಳಿಯುತ್ತದೆ. ಒಣಗಿಸಿದ ಈ ಜಾಲದ ಮೇಲೆ ಚಿತ್ರ ಬರೆಯಬಹುದು. ಎಲೆಯೊಳಗೆ ನೀರು ಸಾಗುವ ದಾರಿಯನ್ನೂ ತೋರಿಸಬಹುದು.

ಬೀಜ ಮತ್ತು ಕಲ್ಲಿನ ಆಟಗಳು

ಹುಣಸೆ ಬೀಜವನ್ನು ಒರಟು ಕಲ್ಲಿಗೆ ಉಜ್ಜಿ ಒಂದು ಬದಿಯ ಕಂದು ಸಿಪ್ಪೆಯನ್ನು ತೆಗೆದರೆ ಬಿಳಿಯ ಭಾಗ ಕಾಣಿಸುತ್ತದೆ. ಹೀಗೆ ಸಿದ್ಧಪಡಿಸಿದ ನಾಲ್ಕು ಬೀಜಗಳು ಚೌಕಾಬಾರದ ದಾಳಗಳಾಗುತ್ತವೆ. ಎಷ್ಟು ಬೀಜಗಳು ಬಿಳಿ ಬದಿ ಮೇಲಾಗಿ ಬಿದ್ದಿವೆಯೋ ಅಷ್ಟು ಮನೆ ಕಾಯಿ ನಡೆಸಬೇಕು. ನಾಲ್ಕೂ ಬಿಳಿಯಾದರೆ ಚೌಕ, ಅಂದರೆ 4. ನಾಲ್ಕೂ ಕಂದಾದರೆ ಬಾರ, ಅಂದರೆ 8. ಮಣೆಯನ್ನು ನೆಲದ ಮೇಲೆಯೇ ಇದ್ದಿಲಿನಿಂದಲೋ ಕಡ್ಡಿಯಿಂದಲೋ ಬರೆದುಕೊಳ್ಳಲಾಗುತ್ತದೆ. ಚೌಕ ಮತ್ತು ಬಾರ ಬೀಳುವುದು ಏಕೆ ವಿರಳ ಎಂಬ ಪ್ರಶ್ನೆಯಿಂದ ಸಂಭವನೀಯತೆಯ ಮೊದಲ ಪಾಠವನ್ನು ಆರಂಭಿಸಬಹುದು.

ಅಳಗುಳಿ ಮಣೆಯನ್ನು ಮರದ ಹಲಗೆಯಿಲ್ಲದೆ ನೆಲದಲ್ಲಿ ತಲಾ ಏಳು ಗುಳಿಗಳ ಎರಡು ಸಾಲು ತೋಡಿ ಆಡಬಹುದು. ಐದು ಕಲ್ಲಿನ ಆಟಕ್ಕೆ ನುಣುಪಾದ ಬೆಣಚುಕಲ್ಲು, ಕುಂಟೆಬಿಲ್ಲೆಗೆ ಹೆಂಚಿನ ಚೂರು, ಲಗೋರಿಗೆ ಒಂದರ ಮೇಲೊಂದು ನಿಲ್ಲುವ ಏಳು ಚಪ್ಪಟೆ ಕಲ್ಲುಗಳು ಬೇಕು. ಚಿನ್ನಿದಾಂಡಿಗೆ ಗಟ್ಟಿಯಾದ ಕೊಂಬೆಯನ್ನು ಆರಿಸಿ, ಚಿನ್ನಿಯ ಎರಡೂ ತುದಿಗಳನ್ನು ಮೊನಚಾಗಿ ಕೆತ್ತಲಾಗುತ್ತದೆ. ಮರಕೋತಿ ಆಟವು ತಗ್ಗಿನಲ್ಲಿ ಕೊಂಬೆ ಚಾಚಿದ ಮರವನ್ನೇ ಅಂಕಣವಾಗಿಸುತ್ತದೆ. ಒಬ್ಬರು ದೂರಕ್ಕೆ ಎಸೆದ ಕೋಲನ್ನು ಆಟದ ಕಳ್ಳ ತಂದು ವೃತ್ತದಲ್ಲಿ ಇಡುವಷ್ಟರಲ್ಲಿ ಉಳಿದವರು ಮರವೇರಬೇಕು.

ಮಣ್ಣಿನ ಕೆಲಸ

ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ ಅಂಚಿನಲ್ಲಿ ದೊರೆಯುವ ಜೇಡಿಮಣ್ಣಿನಿಂದ ಎತ್ತು, ಒಲೆ, ಮಡಕೆ, ಬೊಂಬೆಗಳನ್ನು ಮಾಡುವುದು ಎಲ್ಲೆಡೆ ಕಂಡುಬರುತ್ತದೆ. ಉತ್ತರ ಕರ್ನಾಟಕದಲ್ಲಿ ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನ ಎತ್ತುಗಳನ್ನು ಪೂಜಿಸುವ ಆಚರಣೆಯಿದೆ. ತುಮಕೂರು ಭಾಗದಲ್ಲಿ ಭಾದ್ರಪದದ ಗಣೇಶನ ಹಬ್ಬ ಮಣ್ಣಿನ ಕೆಲಸಕ್ಕೆ ಮುಖ್ಯ ಸಂದರ್ಭ. ಬಣ್ಣ ಬಳಿಯದ ಮಣ್ಣಿನ ಮೂರ್ತಿಯು ನೀರಿನಲ್ಲಿ ಬೇಗ ಕರಗುತ್ತದೆ; ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಮೂರ್ತಿ ಹಾಗೆ ಕರಗುವುದಿಲ್ಲ. ಎರಡರ ಪುಟ್ಟ ತುಂಡುಗಳನ್ನು ಬೇರೆ ಬೇರೆ ಬಕೆಟ್‌ಗಳಲ್ಲಿ ಮುಳುಗಿಸಿ ಮಕ್ಕಳೇ ಈ ವ್ಯತ್ಯಾಸವನ್ನು ಪರೀಕ್ಷಿಸಬಹುದು.

ಒಂದು ಹಿಡಿ ಮಣ್ಣನ್ನು ನೀರು ತುಂಬಿದ ಪಾರದರ್ಶಕ ಬಾಟಲಿಗೆ ಹಾಕಿ ಚೆನ್ನಾಗಿ ಕುಲುಕಿ ನಿಲ್ಲಿಸಿದರೆ ಮರಳು ಮೊದಲು ತಳ ಸೇರುತ್ತದೆ. ಅದರ ಮೇಲೆ ಗೋಡುಮಣ್ಣು, ಕೊನೆಗೆ ಜೇಡಿ ನೆಲೆಗೊಳ್ಳುತ್ತವೆ. ಹೊಲದ ಕೆಮ್ಮಣ್ಣು, ಕೆರೆಯ ಮಣ್ಣು ಮತ್ತು ತೋಟದ ಮಣ್ಣನ್ನು ಹೀಗೆ ಹೋಲಿಸಿದಾಗ ಯಾವ ಮಣ್ಣಿನಿಂದ ಬೊಂಬೆ ನಿಲ್ಲುತ್ತದೆ, ಯಾವುದರಲ್ಲಿ ನೀರು ಬೇಗ ಇಂಗುತ್ತದೆ ಎಂಬುದು ತಿಳಿಯುತ್ತದೆ.

ನೈಸರ್ಗಿಕ ಬಣ್ಣಗಳು

ಕೆಮ್ಮಣ್ಣು, ಇದ್ದಿಲು, ಅರಿಶಿನ, ಬೀಟ್‌ರೂಟ್ ಮತ್ತು ಮುತ್ತುಗದ ಹೂವಿನಿಂದ ಚಿತ್ರಕ್ಕೆ ಬಣ್ಣ ಪಡೆಯಬಹುದು. ಕೆಲವು ಬಣ್ಣಗಳು ರಾಸಾಯನಿಕ ಸೂಚಕಗಳೂ ಹೌದು. ಅರಿಶಿನದ ಹಳದಿ ಬಣ್ಣಕ್ಕೆ ಸಾಬೂನಿನ ನೀರು ತಗುಲಿದರೆ ಕೆಂಪಾಗುತ್ತದೆ. ಶಂಖಪುಷ್ಪದ ನೀಲಿ ರಸಕ್ಕೆ ನಿಂಬೆರಸ ಬೆರೆಸಿದರೆ ನೇರಳೆ ಅಥವಾ ಗುಲಾಬಿ ಬಣ್ಣ ಬರುತ್ತದೆ. ಕೆಂಪು ದಾಸವಾಳದ ರಸವು ಕ್ಷಾರದಲ್ಲಿ ಹಸಿರು ಛಾಯೆಗೆ ತಿರುಗುತ್ತದೆ. ಉದುರಿದ ಹೂವಿನ ಎಸಳು, ಎಲೆ ಮತ್ತು ಬೀಜಗಳಿಂದ ನೆಲದ ಮೇಲೆ ರಂಗೋಲಿ ರಚಿಸುವುದು ಇದೇ ಬಗೆಯ ಮತ್ತೊಂದು ಚಟುವಟಿಕೆ.

ವೀಕ್ಷಣೆ ಮತ್ತು ದಾಖಲಾತಿ

ಕೆರೆಯಂಚಿನಲ್ಲಿ ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ ಮತ್ತು ಗುಳುಮುಳುಕಗಳನ್ನು ದುರ್ಬೀನಿಲ್ಲದೆಯೂ ಗುರುತಿಸಬಹುದು. ಹಕ್ಕಿಯ ಹೆಸರಿಗಿಂತ ಅದರ ಕೊಕ್ಕು, ಕಾಲು ಮತ್ತು ಆಹಾರದ ರೀತಿಯನ್ನು ಗಮನಿಸಿ ಚಿತ್ರ ಬರೆಯುವುದು ಕಿರಿಯ ಮಕ್ಕಳಿಗೆ ಸೂಕ್ತ. ಬಾವಿ ಮತ್ತು ಹಳ್ಳದ ಬದಿಯ ಈಚಲು, ಜಾಲಿ ಮರಗಳಲ್ಲಿ ಗೀಜಗವು ಮಳೆಗಾಲದಲ್ಲಿ ಗೂಡು ನೇಯುತ್ತದೆ. ಗೂಡು ಕಟ್ಟುವುದು ಗಂಡು ಹಕ್ಕಿ. ಸಂತಾನೋತ್ಪತ್ತಿ ಮುಗಿದ ಬಳಿಕ ಕೆಳಗೆ ಬಿದ್ದ ಗೂಡನ್ನು ಬಿಡಿಸಿ ನೋಡಿ, ಅದೇ ಹೆಣಿಗೆಯನ್ನು ಹುಲ್ಲಿನಿಂದ ಅನುಕರಿಸಲು ಪ್ರಯತ್ನಿಸುವುದು ಹಕ್ಕಿಯ ಕೌಶಲವನ್ನು ಅರಿಯುವ ಮಾರ್ಗ. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದಲ್ಲಿ ಬಣ್ಣದ ಕೊಕ್ಕರೆಗಳು ಊರಿನೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಗ್ರಾಮಸ್ಥರು ಅವುಗಳಿಗೆ ರಕ್ಷಣೆ ನೀಡುತ್ತ ಬಂದಿದ್ದಾರೆ. ಗುಬ್ಬಚ್ಚಿಗಳ ಕುರಿತು ಅರಿವು ಮೂಡಿಸುವ ವಿಶ್ವ ಗುಬ್ಬಚ್ಚಿ ದಿನವನ್ನು 2010ರಿಂದ ಮಾರ್ಚ್ 20ರಂದು ಆಚರಿಸಲಾಗುತ್ತಿದೆ.

ಮಳೆ ಬೀಳದ ಜಾಗದ ನುಣುಪು ಮರಳಿನಲ್ಲಿ ಆಲಿಕೆಯಾಕಾರದ ಸಣ್ಣ ಕುಳಿಗಳು ಕಂಡರೆ ಅವುಗಳ ತಳದಲ್ಲಿ ಇರುವೆಗಾಗಿ ಕಾಯುವ ಹುಳುವಿರುತ್ತದೆ. ಒಣಮರಳು ಒಂದು ನಿರ್ದಿಷ್ಟ ಇಳಿಜಾರಿಗಿಂತ ಕಡಿದಾಗಿ ನಿಲ್ಲಲಾರದು. ಕುಳಿಯು ಆ ಮಿತಿಯಲ್ಲೇ ಇರುವುದರಿಂದ ಇರುವೆ ಕಾಲಿಟ್ಟ ಕೂಡಲೇ ಮರಳು ಜರಿದು ಅದು ಕೆಳಗುರುಳುತ್ತದೆ. ಮರಳನ್ನು ಕೈಯಿಂದ ಸುರಿದು ಗುಡ್ಡೆ ಮಾಡಿದಾಗಲೂ ಅದೇ ಇಳಿಜಾರು ಮತ್ತೆ ಮತ್ತೆ ಉಂಟಾಗುವುದನ್ನು ಮಕ್ಕಳು ಕಾಣಬಹುದು.

ಮಳೆ, ಗಾಳಿ, ನೆರಳು ಮತ್ತು ನೀರು

ರೈತರ ಲೆಕ್ಕದಲ್ಲಿ ಒಂದೊಂದು ಮಳೆನಕ್ಷತ್ರವು ಸುಮಾರು 13–14 ದಿನ ಇರುತ್ತದೆ. ನೇರ ಗೋಡೆಯ ಅಗಲ ಬಾಯಿಯ ಡಬ್ಬಿಯನ್ನು ಬಯಲಿನಲ್ಲಿಟ್ಟು, ಪ್ರತಿದಿನ ಬೆಳಿಗ್ಗೆ ನೀರಿನ ಎತ್ತರವನ್ನು ಅಳೆದು ಭರಣಿ, ಕೃತ್ತಿಕಾ, ರೋಹಿಣಿ, ಮೃಗಶಿರಾ ಎಂದು ವಿಂಗಡಿಸಿ ಬರೆದರೆ ಮನೆಯ ಹಿರಿಯರ ತಿಳಿವಳಿಕೆಯೊಂದಿಗೆ ಅಂಕಿಅಂಶವನ್ನು ಹೋಲಿಸಬಹುದು. 1 ಮಿ.ಮೀ. ಮಳೆಯೆಂದರೆ ಒಂದು ಚದರ ಮೀಟರ್ ನೆಲಕ್ಕೆ 1 ಲೀಟರ್ ನೀರು. ಶಾಲೆಯ ಚಾವಣಿಯ ಅಳತೆ ತಿಳಿದರೆ ಅದರ ಮೇಲೆ ಬಿದ್ದ ನೀರನ್ನು ಲೆಕ್ಕ ಹಾಕಬಹುದು.

ಆಷಾಢದ ಬಲವಾದ ಗಾಳಿ ಗಾಳಿಪಟದ ಕಾಲ. ಸೂತ್ರದ ಗಂಟು ಮೇಲೆ ಕೆಳಗಾದಂತೆ ಪಟವು ಗಾಳಿಗೆ ಒಡ್ಡಿಕೊಳ್ಳುವ ಕೋನ ಬದಲಾಗುತ್ತದೆ. ಬಾಲಂಗೋಚಿ ಅದನ್ನು ಸ್ಥಿರಗೊಳಿಸುತ್ತದೆ. ನೈಲಾನ್ ಹಾಗೂ ಇತರ ಕೃತಕ ಮಾಂಜಾ ದಾರವು ಹಕ್ಕಿಗಳಿಗೂ ದ್ವಿಚಕ್ರ ಸವಾರರಿಗೂ ಮಾರಕವಾಗಿದ್ದು, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ಅದನ್ನು ನಿಷೇಧಿಸಿದೆ. ಹತ್ತಿಯ ದಾರ ಬಳಸುವುದು ಸುರಕ್ಷಿತ.

ತುಮಕೂರು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ದಕ್ಷಿಣದಲ್ಲಿರುವುದರಿಂದ ವರ್ಷಕ್ಕೆ ಎರಡು ಬಾರಿ ಸೂರ್ಯನು ಮಧ್ಯಾಹ್ನ ನೇರ ನೆತ್ತಿಯ ಮೇಲೆ ಬರುತ್ತಾನೆ. ಏಪ್ರಿಲ್ ಕೊನೆಯ ವಾರ ಹಾಗೂ ಆಗಸ್ಟ್ ಮೂರನೆಯ ವಾರದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಕ್ಷಣಕಾಲ ಮಾಯವಾಗುವುದನ್ನು ನೋಡಬಹುದು.

ಮಾರ್ಕೋನಹಳ್ಳಿ ಜಲಾಶಯವು ಸ್ವಯಂಚಾಲಿತ ಸೈಫನ್ ವ್ಯವಸ್ಥೆಗೆ ಹೆಸರಾಗಿದೆ. ನೀರು ನಿಗದಿತ ಮಟ್ಟ ಮುಟ್ಟಿದಾಗ ಯಾವುದೇ ಗೇಟನ್ನು ಎತ್ತದೆ ಹೆಚ್ಚುವರಿ ನೀರು ತಾನಾಗಿಯೇ ಹೊರಹೋಗುತ್ತದೆ. ನೀರು ತುಂಬಿದ ಕೊಳವೆಯ ಒಂದು ತುದಿಯನ್ನು ಎತ್ತರದ ಬಕೆಟ್‌ನಲ್ಲಿ ಮುಳುಗಿಸಿ ಇನ್ನೊಂದನ್ನು ಕೆಳಗಿನ ಬಕೆಟ್‌ಗೆ ಇಳಿಬಿಟ್ಟು ಇದರ ತತ್ತ್ವವನ್ನು ಅಂಗಳದಲ್ಲೇ ತೋರಿಸಬಹುದು.

ಬೀಜದುಂಡೆ ಮತ್ತು ಸಸಿ ನೆಡುವಿಕೆ

ಜೇಡಿಮಣ್ಣು ಮತ್ತು ಗೊಬ್ಬರದ ಮಿಶ್ರಣದೊಳಗೆ ಬೀಜವನ್ನಿಟ್ಟು ಉಂಡೆ ಕಟ್ಟಿ ನೆರಳಿನಲ್ಲಿ ಒಣಗಿಸುವ ವಿಧಾನವನ್ನು ಜಪಾನಿನ ಕೃಷಿ ಚಿಂತಕ ಮಸಾನೊಬು ಫುಕುವೊಕಾ ಜನಪ್ರಿಯಗೊಳಿಸಿದರು. ಮಣ್ಣಿನ ಹೊದಿಕೆಯು ಮಳೆ ಬರುವ ತನಕ ಇರುವೆ ಮತ್ತು ಹಕ್ಕಿಗಳಿಂದ ಬೀಜವನ್ನು ಕಾಪಾಡುತ್ತದೆ. ಹೊಂಗೆ, ಹುಣಸೆ, ಸೀತಾಫಲದ ಬೀಜಗಳು ಇದಕ್ಕೆ ಬಳಕೆಯಾಗುತ್ತವೆ. ಬೇವು ಮತ್ತು ನೇರಳೆ ಬೀಜಗಳು ಮೊಳೆಯುವ ಶಕ್ತಿಯನ್ನು ಬೇಗ ಕಳೆದುಕೊಳ್ಳುವುದರಿಂದ ಹಣ್ಣು ಉದುರಿದ ಕೂಡಲೇ ಬಿತ್ತಬೇಕು.

ಎಲ್ಲ ಬಯಲೂ ಮರ ನೆಡಲು ತಕ್ಕ ಜಾಗವಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿರುವ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶದಂತಹ ಹುಲ್ಲುಗಾವಲುಗಳು ತೆರೆದ ಬಯಲಾಗಿ ಉಳಿದರೆ ಮಾತ್ರ ಕೃಷ್ಣಮೃಗಗಳಿಗೆ ನೆಲೆಯಾಗುತ್ತವೆ. ಅಲ್ಲಿ ಬೀಜದುಂಡೆ ಎಸೆಯುವುದು ಉಪಕಾರಕ್ಕಿಂತ ಹಾನಿಯನ್ನೇ ಮಾಡುತ್ತದೆ.

ನೆಟ್ಟ ಸಸಿಯನ್ನು ಉಳಿಸಿಕೊಳ್ಳುವುದೇ ಈ ಚಟುವಟಿಕೆಯ ಕಠಿಣ ಭಾಗ. ಗುಬ್ಬಿ ತಾಲ್ಲೂಕಿನಲ್ಲಿ ಜನಿಸಿ ಮಾಗಡಿ ತಾಲ್ಲೂಕಿನ ಹುಲಿಕಲ್‌ನಲ್ಲಿ ಬಾಳಿದ ಸಾಲುಮರದ ತಿಮ್ಮಕ್ಕನವರು ಹುಲಿಕಲ್–ಕುದೂರು ರಸ್ತೆಯ ಬದಿಯಲ್ಲಿ ಪತಿಯೊಡನೆ 385 ಆಲದ ಮರಗಳನ್ನು ಬೆಳೆಸಿದರು. ಸಸಿಗಳಿಗೆ ದೂರದಿಂದ ನೀರು ಹೊತ್ತು ಹಾಕಿ, ದನಕರುಗಳು ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದ್ದರಿಂದ ಅವು ಉಳಿದವು. ಅವರಿಗೆ 2019ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಒಬ್ಬೊಬ್ಬ ಮಗುವಿಗೆ ಒಂದೊಂದು ಸಸಿಯನ್ನು ವಹಿಸಿ ಎರಡು ಬೇಸಿಗೆಗಳ ಕಾಲ ನೀರುಣಿಸುವ ಹೊಣೆ ಕೊಡುವುದು ನೂರು ಸಸಿಗಳನ್ನು ಒಂದೇ ದಿನ ನೆಡುವುದಕ್ಕಿಂತ ಫಲಕಾರಿ.

ಋತುಮಾನ

ಈ ಪ್ರದೇಶದಲ್ಲಿ ಚಟುವಟಿಕೆಗಳು ಸಾಮಾನ್ಯವಾಗಿ ಕೆಳಗಿನಂತೆ ಹಂಚಿಕೊಂಡಿವೆ.

ಮಾರ್ಚ್–ಮೇ: ಹುಣಸೆ ಬೀಜದ ಆಟಗಳು, ಮುತ್ತುಗದ ಹೂವಿನ ಬಣ್ಣ, ಕೆರೆ ಮಣ್ಣಿನ ಬೊಂಬೆ, ಹಲಸಿನ ಬೀಜ ಸಂಗ್ರಹ, ಶೂನ್ಯ ನೆರಳಿನ ವೀಕ್ಷಣೆ. ಬಿಸಿಲು ಹೆಚ್ಚಿರುವುದರಿಂದ ಬೆಳಿಗ್ಗೆ ಮತ್ತು ಸಂಜೆಯ ಸಮಯ ಸೂಕ್ತ.

ಜೂನ್–ಆಗಸ್ಟ್: ಗಾಳಿಪಟ, ಮಾವಿನ ಓಟೆಯ ಪೀಪಿ, ಬೀಜ ಬಿತ್ತನೆ, ಮಳೆಮಾಪನ, ಗೀಜಗನ ಗೂಡಿನ ವೀಕ್ಷಣೆ.

ಸೆಪ್ಟೆಂಬರ್–ನವೆಂಬರ್: ಮಣ್ಣಿನ ಗಣೇಶ, ಹೂವಿನ ರಂಗೋಲಿ, ಚಿಟ್ಟೆ ಮತ್ತು ಕೀಟಗಳ ವೀಕ್ಷಣೆ.

ಡಿಸೆಂಬರ್–ಫೆಬ್ರವರಿ: ರಾಗಿ ಕಣದ ಹುಲ್ಲಿನ ಆಟಗಳು, ಜೋಳದ ದಂಟಿನ ಗಾಡಿ, ಕೆರೆಗಳಿಗೆ ಬರುವ ವಲಸೆ ಹಕ್ಕಿಗಳ ಎಣಿಕೆ, ನಕ್ಷತ್ರ ವೀಕ್ಷಣೆ.

ಮಹತ್ವ

ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೈಹಿಕ ಚಟುವಟಿಕೆ ಅಗತ್ಯ. ಹೊರಗಿನ ಬೆಳಕಿನಲ್ಲಿ ಕಳೆಯುವ ಸಮಯವು ಸಮೀಪದೃಷ್ಟಿ ದೋಷವನ್ನೂ ತಗ್ಗಿಸುತ್ತದೆ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ರತಿದಿನ 40 ನಿಮಿಷಗಳ ಹೆಚ್ಚುವರಿ ಹೊರಾಂಗಣ ಅವಧಿ ಪಡೆದ ಮಕ್ಕಳ ಪೈಕಿ ಮೂರು ವರ್ಷಗಳಲ್ಲಿ ಶೇ. 30.4ರಷ್ಟು ಮಂದಿಗೆ ಈ ದೋಷ ಉಂಟಾದರೆ, ಉಳಿದ ಗುಂಪಿನಲ್ಲಿ ಈ ಪ್ರಮಾಣ ಶೇ. 39.5ರಷ್ಟಿತ್ತು.

ಅಮೆರಿಕದ ಲೇಖಕ ರಿಚರ್ಡ್ ಲೂವ್ 2005ರಲ್ಲಿ, ಪ್ರಕೃತಿಯಿಂದ ದೂರವಾದ ಬಾಲ್ಯದ ದುಷ್ಪರಿಣಾಮಗಳನ್ನು 'ನಿಸರ್ಗದ ಕೊರತೆ' ಎಂಬ ಪರಿಕಲ್ಪನೆಯಡಿ ವಿವರಿಸಿದರು. ಇದು ವೈದ್ಯಕೀಯ ಕಾಯಿಲೆಯ ಹೆಸರಲ್ಲ, ಸಾಮಾಜಿಕ ಸ್ಥಿತಿಯ ವರ್ಣನೆ.

ಆಟವು ಮಕ್ಕಳ ಹಕ್ಕೂ ಆಗಿದೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯು ವಿರಾಮ ಮತ್ತು ಆಟದ ಹಕ್ಕನ್ನು ಮಾನ್ಯ ಮಾಡಿದೆ; ಭಾರತವು 1992ರಲ್ಲಿ ಈ ಒಡಂಬಡಿಕೆಯನ್ನು ಒಪ್ಪಿಕೊಂಡಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಶಾಲೆಗೆ ಇರಬೇಕಾದ ಸೌಲಭ್ಯಗಳಲ್ಲಿ ಆಟದ ಮೈದಾನವನ್ನು ಸೇರಿಸಿದೆ.

ಸುರಕ್ಷತೆ

ನೀರು: ಮಕ್ಕಳ ಹೊರಾಂಗಣ ಚಟುವಟಿಕೆಗಳಲ್ಲಿ ಅತ್ಯಂತ ದೊಡ್ಡ ಅಪಾಯ ಮುಳುಗುವಿಕೆ. ಮಣ್ಣು ಅಥವಾ ಮರಳು ತೆಗೆದ ಕೆರೆಯಂಗಳದ ಗುಂಡಿಗಳು ನೀರು ತುಂಬಿದ ಬಳಿಕ ಹೊರಗೆ ಕಾಣುವುದಿಲ್ಲ. ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಆಳವಿರಬಹುದು. ಕೃಷಿ ಹೊಂಡಗಳಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಜಾರುವುದರಿಂದ ಈಜು ಬಲ್ಲವರೂ ಮೇಲೇರಲಾರರು. ಹೊಂಡದ ಸುತ್ತ ಬೇಲಿ ಹಾಕುವುದು ಮತ್ತು ಒಳಕ್ಕೆ ಗಂಟುಗಳಿರುವ ಹಗ್ಗವನ್ನು ಇಳಿಬಿಟ್ಟಿರುವುದು ಅಗತ್ಯ. ಮುಳುಗುತ್ತಿರುವವರನ್ನು ಉಳಿಸಲು ಮಕ್ಕಳು ನೀರಿಗೆ ಇಳಿಯಬಾರದು. ಕೂಗಿ ಜನರನ್ನು ಕರೆಯಬೇಕು, ದಡದಲ್ಲಿ ನಿಂತು ಹಗ್ಗ, ಉದ್ದನೆಯ ಕೋಲು ಅಥವಾ ಮುಚ್ಚಳ ಹಾಕಿದ ಖಾಲಿ ಕ್ಯಾನನ್ನು ಚಾಚಬೇಕು ಅಥವಾ ಎಸೆಯಬೇಕು.

ಸಸ್ಯಗಳು: ಗುಲಗಂಜಿ, ಹರಳು, ಕಾಡುಹರಳು ಮತ್ತು ಉಮ್ಮತ್ತಿಯ ಬೀಜಗಳು ಹಾಗೂ ಕಣಗಿಲೆಯ ಎಲ್ಲ ಭಾಗಗಳೂ ವಿಷಕಾರಿ. ಎಕ್ಕದ ಹಾಲು ಕಣ್ಣಿಗೆ ತಗುಲಬಾರದು. ಪಾರ್ಥೇನಿಯಂ ಗಿಡವು ಚರ್ಮದ ಅಲರ್ಜಿ ಮತ್ತು ಉಬ್ಬಸಕ್ಕೆ ಕಾರಣವಾಗುತ್ತದೆ. ಅಳಗುಳಿ ಮಣೆಗೆ ಗುಲಗಂಜಿಯ ಬದಲು ಹುಣಸೆ ಬೀಜವನ್ನು ಬಳಸುವುದು ಒಳಿತು.

ಪ್ರಾಣಿಗಳು: ಕಲ್ಲುರಾಶಿ, ಸೌದೆ ಮತ್ತು ತೆಂಗಿನ ಗರಿಯ ಗುಡ್ಡೆಗಳಲ್ಲಿ ಹಾವು, ಚೇಳುಗಳಿರಬಹುದು, ಮೊದಲು ಕೋಲಿನಿಂದ ಕೆದಕಿ ಅನಂತರ ಕೈ ಹಾಕಬೇಕು. ಹಾವು ಕಚ್ಚಿದರೆ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, 108 ಆಂಬ್ಯುಲೆನ್ಸ್ ಮೂಲಕ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಹೆಜ್ಜೇನಿನ ಗೂಡಿರುವ ಮರದ ಬಳಿ ಕಲ್ಲೆಸೆತ, ಹೊಗೆ ಸಲ್ಲದು. 2019ರ ಕೊನೆ ಹಾಗೂ 2020ರ ಆರಂಭದಲ್ಲಿ ತುಮಕೂರು, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳಲ್ಲಿ ಚಿರತೆ ದಾಳಿಗೆ ಮಕ್ಕಳೂ ಸೇರಿದಂತೆ ಹಲವರು ಬಲಿಯಾದರು. ಚಿರತೆ ಸಂಚಾರವಿರುವ ಊರುಗಳಲ್ಲಿ ಸಂಜೆಯ ಬಳಿಕ ಮಕ್ಕಳನ್ನು ಒಂಟಿಯಾಗಿ ಬಿಡದಿರುವುದು, ಪೊದೆಗಳಿರುವ ಬದಿಯಲ್ಲಿ ಆಡದಿರುವುದು ಮುಖ್ಯ. ಕಾಡಿನೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಸಂಗ್ರಹದ ಮಿತಿ: ಉದುರಿದ ಎಲೆ, ಹೂವು, ಬೀಜಗಳನ್ನಷ್ಟೇ ಆಯುವುದು, ಗೂಡು ಮತ್ತು ಮೊಟ್ಟೆಗಳನ್ನು ಮುಟ್ಟದಿರುವುದು, ನೋಡಲು ಹಿಡಿದ ಕೀಟವನ್ನು ಅದೇ ಜಾಗದಲ್ಲಿ ಬಿಡುವುದು ಸಾಮಾನ್ಯ ನಿಯಮಗಳು.

ಪ್ರಸ್ತುತ ಸ್ಥಿತಿ ಮತ್ತು ಸವಾಲುಗಳು

ತುಮಕೂರು 2016ರಲ್ಲಿ ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ನಗರವು ಬೆಳೆದಂತೆ ಹಿಂದೆ ಹೊರವಲಯದಲ್ಲಿದ್ದ ಮರಳೂರಿನಂತಹ ಊರುಗಳು ಬಡಾವಣೆಗಳಾಗಿ ಮಾರ್ಪಟ್ಟಿವೆ. ಖಾಲಿ ನಿವೇಶನಗಳು ಕಟ್ಟಡಗಳಾದಾಗ ಮಕ್ಕಳು ಕಳೆದುಕೊಳ್ಳುವುದು ಆಟದ ಜಾಗವನ್ನಷ್ಟೇ ಅಲ್ಲ, ಆಟಿಕೆಯ ವಸ್ತುಗಳನ್ನೂ ಹೌದು. ಕಾಂಕ್ರೀಟು ಹಾಸಿದ ನೆಲದಲ್ಲಿ ಗುಳಿ ತೋಡಲಾಗದು. ಹುಣಸೆ ಮರವಿಲ್ಲದ ಬೀದಿಯಲ್ಲಿ ಬೀಜ ಆಯಲಾಗದು. ಉದ್ಯಾನಗಳು ನಿರ್ಮಾಣವಾದರೂ ಅಲ್ಲಿ ಹುಲ್ಲು ತುಳಿಯುವುದಕ್ಕೂ ಮರ ಹತ್ತುವುದಕ್ಕೂ ನಿಷೇಧವಿರುವುದು ಸಾಮಾನ್ಯ.

ಅವಕಾಶದ ಅಸಮಾನತೆಯೂ ಇದೆ. ಮನೆಗೆಲಸ ಮತ್ತು ತಮ್ಮ ತಂಗಿಯರ ಪಾಲನೆಯ ಹೊಣೆಯಿಂದಾಗಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟು ಬಯಲಿನ ಬಿಡುವು ಸಿಗುವುದಿಲ್ಲ. ಅಂಗವಿಕಲ ಮಕ್ಕಳನ್ನು ಇಂತಹ ಚಟುವಟಿಕೆಗಳಿಂದ ಹೊರಗಿಡುವುದು ರೂಢಿಯಾಗಿದ್ದರೂ ಅದು ಅನಿವಾರ್ಯವಲ್ಲ. ದೃಷ್ಟಿದೋಷವಿರುವ ಮಕ್ಕಳು ಹಕ್ಕಿಗಳನ್ನು ಕೂಗಿನಿಂದಲೂ ಮರಗಳನ್ನು ತೊಗಟೆಯ ಸ್ಪರ್ಶ ಹಾಗೂ ಎಲೆಯ ವಾಸನೆಯಿಂದಲೂ ಗುರುತಿಸಬಲ್ಲರು. ಮೇಜಿನೆತ್ತರದಲ್ಲಿ ಇರಿಸಿದ ಮಣ್ಣಿನ ತೊಟ್ಟಿಯಿದ್ದರೆ ಗಾಲಿಕುರ್ಚಿಯಲ್ಲಿರುವ ಮಗುವೂ ಬೊಂಬೆ ಮಾಡಬಹುದು, ಬೀಜ ಬಿತ್ತಬಹುದು.

ಈ ಆಟಗಳ ಜ್ಞಾನವು ಬಹುತೇಕ ಬರಹದಲ್ಲಿಲ್ಲ. ಯಾವ ಮಣ್ಣು ಬಿರುಕು ಬಿಡುವುದಿಲ್ಲ, ಯಾವ ಕೊಂಬೆಯಿಂದ ಮಾಡಿದ ಚಿನ್ನಿ ಸೀಳುವುದಿಲ್ಲ, ಗರಿಯನ್ನು ಎಲ್ಲಿ ಮಡಚಬೇಕು ಎಂಬುದನ್ನು ಮಕ್ಕಳು ತಮಗಿಂತ ಎರಡು ಮೂರು ವರ್ಷ ಹಿರಿಯರಾದ ಮಕ್ಕಳಿಂದ ಕಲಿಯುತ್ತ ಬಂದಿದ್ದಾರೆ. ಬೀದಿಯಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಆಡುವುದು ನಿಂತರೆ ಈ ಕಲಿಕೆಯ ಸರಪಳಿ ಒಂದೇ ತಲೆಮಾರಿನಲ್ಲಿ ಕಡಿಯುತ್ತದೆ. ಶಾಲೆಗಳು ಅಜ್ಜ ಅಜ್ಜಿಯರನ್ನು ಆಹ್ವಾನಿಸಿ ಆಟಗಳನ್ನು ಕಲಿಸುವುದು, ಮಕ್ಕಳೇ ತಮ್ಮ ಊರಿನ ಆಟಗಳ ಹೆಸರು, ನಿಯಮ ಮತ್ತು ವಸ್ತುಗಳನ್ನು ಪುಸ್ತಕದಲ್ಲಿ ದಾಖಲಿಸುವುದು ಇದನ್ನು ಉಳಿಸಿಕೊಳ್ಳುವ ಕ್ರಮಗಳಲ್ಲಿ ಸೇರಿವೆ. ಇದಕ್ಕೆ ಬೇಕಾಗುವುದು ಒಂದು ಮರದ ನೆರಳು, ಒಂದಿಷ್ಟು ತೆರೆದ ನೆಲ ಮತ್ತು ವಾರಕ್ಕೆ ಒಂದೆರಡು ಗಂಟೆಗಳ ಬಿಡುವು.